ನಾಣ್ಯ ಬೇಡ ಎಂದು ಬರೆದಿತ್ತು

ಜೂನ್ ೩, ಮಧ್ಯಾಹ್ನ

ಬೆಳಿಗ್ಗೆಯಿಂದ ಮೂರು ಕಾಯಿನ್ ಫೋನ್ ಬಿಚ್ಚಾಯಿತು. ಒಂದರಲ್ಲಿ ನಾಣ್ಯದ ಬದಲು ವಾಷರ್. ಇನ್ನೊಂದರಲ್ಲಿ ಚೂಯಿಂಗ್ ಗಮ್ — ಯಾವನೋ ಚೆನ್ನಾಗಿ ಅಗಿದು ತೂತಿಗೆ ತುರುಕಿದ್ದಾನೆ. ಕೈಗೆ ಸಿಕ್ಕಿದರೆ ಅವನ ಬಾಯಿಗೇ ಬೆಸುಗೆ ಹಾಕುತ್ತೇನೆ.

ಮೂರನೆಯದು ಗಿರಣಿ ಮೂಲೆಯದು. ಅದು ಎಷ್ಟನೇ ಸಲ ಚಿಕ್ಕಪ್ಪನ ರಿಪೇರಿ ಶೆಡ್ಡಿಗೆ ಬಂತೋ, ಲೆಕ್ಕ ಬಿಟ್ಟಿದ್ದೇನೆ. ನಾಣ್ಯ ಅರ್ಧಕ್ಕೆ ನಿಲ್ಲುತ್ತದೆ, ಕಾಲ್ ಕಟ್. ಇಲ್ಲಿ ಟೇಬಲ್ ಮೇಲೆ ಇಟ್ಟರೆ ಎಲ್ಲಾ ಸರಿ. ಅಲ್ಲಿ ಗೋಡೆಗೆ ಹಾಕಿದರೆ ಮತ್ತೆ ಅದೇ ರಾಗ.

ಲೈನ್‌ಮನ್ ಬಂದಿದ್ದ. ಎಲ್ಲರೂ ಏಣಿ ಅಂತಲೇ ಕರೆಯುವುದು. ಅಷ್ಟುದ್ದ ಇದ್ದೂ ಹೆಗಲ ಮೇಲೊಂದು ಏಣಿ ಬೇರೆ.

"ಏನಮ್ಮಾ ಫ್ಯೂಸು, ಮತ್ತೆ ಬೋರ್ಡ್ ಕೆಟ್ಟೋಯ್ತಾ?"

"ಬೋರ್ಡ್ ಚೆನ್ನಾಗೇ ಇದೆ. ನಿಮ್ಮ ಲೈನಲ್ಲಿ ಜೀವ ಇಲ್ಲ."

"ಲೈನ್ ವಿಷಯ ನಂಗೆ ಬಿಡು. ನೀನು ನಿನ್ನ ಡಬ್ಬ ನೋಡ್ಕೋ."

ಡಬ್ಬ ಅಂತೆ! ಸ್ಕ್ರೂಡ್ರೈವರ್ ಎಸೆದೆ. ಗೋಡೆಗೆ ಬಿತ್ತು. ಏಣಿ ನಗುತ್ತಾ ಹೋದ. ಚಿಕ್ಕಪ್ಪ ತಲೆ ಕೂಡ ಎತ್ತಲಿಲ್ಲ. "ಎತ್ಕೊ. ಮೊನೆ ಮುರಿದಿದ್ರೆ ನೀನೇ ಸಾಣೆ ಹಿಡಿ" ಅಂದರು, ಅಷ್ಟೇ.

ಜೂನ್ ೫

ಗಿರಣಿ ಮೂಲೆಗೆ ನಾನೇ ಹೋದೆ. ಮೀಟರ್ ಇಟ್ಟು ನೋಡಿದೆ. ನಾನು ಹೇಳಿದ್ದೇ ನಿಜ. ಲೈನಿನಲ್ಲಿ ಕರೆಂಟ್ ಅನ್ನುವುದು ಹೆಸರಿಗೆ ಮಾತ್ರ. ಎಲ್ಲೋ ಜಾಯಿಂಟ್ ಕೊಳೆತಿದೆ.

ಈ ಫೋನುಗಳಿಗೆ ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ. ರಿಸೀವರ್ ಎತ್ತಿದಾಗ ಲೈನಿನಿಂದ ಬರುವ ಚೂರು ಕರೆಂಟಿನಲ್ಲೇ ಸಂಸಾರ ತೂಗಿಸಬೇಕು — ಚಿಕ್ಕಪ್ಪನ ದಿನದ ಪಾಠ. ಕೆಪಾಸಿಟರ್ ಅದನ್ನೇ ಕೂಡಿಟ್ಟುಕೊಂಡು ಕಾಯಿಲ್‌ಗೆ ಒಂದು ಒದೆ ಕೊಡುತ್ತದೆ, ನಾಣ್ಯ ಪೆಟ್ಟಿಗೆಗೆ ಬೀಳುತ್ತದೆ. ಕೂಡದಿದ್ದರೆ ಒದೆಯೂ ಇಲ್ಲ, ಕಾಲೂ ಇಲ್ಲ.

ಬೋರ್ಡಿನ ಮೂಲೆಯಲ್ಲೊಂದು ಲಿಂಕ್ ತಂತಿ ಇದೆ. ಅದಿದ್ದರೆ ನಾಣ್ಯ ಹಾಕುವ ಮೊದಲೇ ಬೋರ್ಡ್ ಎಚ್ಚರವಾಗಿರುತ್ತದೆ. ಆಂಬುಲೆನ್ಸ್ ನಂಬರ್ ಒತ್ತಿದರೆ ಪುಕ್ಕಟೆ ಬಿಡುತ್ತದೆ. ಆದರೆ ಸುಮ್ಮನೆ ಎಚ್ಚರವಾಗಿರುವುದಕ್ಕೂ ಕರೆಂಟ್ ತಿನ್ನುತ್ತದೆ. ತೆಗೆದರೆ ನಾಣ್ಯ ಬೀಳುವವರೆಗೂ ಗಡದ್ದು ನಿದ್ದೆ, ಕರೆಂಟ್ ಉಳಿಯುತ್ತದೆ, ಆದರೆ ಪುಕ್ಕಟೆ ನಂಬರ್ ಹೋಗುವುದಿಲ್ಲ. ಶೆಡ್ಡಿನಲ್ಲಿ ಕಾಯಿಲ್ ಟೆಸ್ಟ್ ಮಾಡುವಾಗ ನಾವೇ ತೆಗೆದು, ಕಳಿಸುವ ಮೊದಲು ಹಾಕುತ್ತೇವೆ. ಇಲ್ಲಿ ನಾಲ್ಕು ದಿನ ತೆಗೆದರೆ ಏನಾಗುತ್ತೆ? ಪುಕ್ಕಟೆ ನಂಬರ್ ಒತ್ತುವವರು ಫೈರ್ ಸ್ಟೇಷನ್ನಿಗೆ ಬೈದು ಓಡಿಹೋಗುವ ಪಡ್ಡೆಗಳು. ಏಣಿ ಜಾಯಿಂಟ್ ಸರಿಮಾಡಿದ ದಿನ ಹಾಕಿದರಾಯಿತು.

ಕಟರ್ ಇಟ್ಟೆ. ಟಕ್.

ನಾಣ್ಯ ಹಾಕಿದೆ. ಠಣ್! ಏನು ಸುಖ ಆ ಸದ್ದು.

ಎದುರಿನ ಹಿಟ್ಟಿನ ಗಿರಣಿಯಿಂದ ಗಿರಣಿಯಕ್ಕ ಬಂದು ನೋಡಿದಳು, ಹುಬ್ಬೆಲ್ಲ ಹಿಟ್ಟು. "ಕೊನೆಗೂ ಬಾಯಿ ಬಿಡ್ತಾ ಇದು?" ಒಳಗಿನಿಂದ ಅವಳ ಗಂಡ ಕಿರುಚಿದ, "ಹುಡುಗೀಗೆ ನೀರು ಕೊಡೇ!" ಮೆಷಿನ್ ನಿಂತೇ ಇತ್ತು. ಆದರೂ ಆ ಅಣ್ಣ ಕಿರುಚಿಯೇ ಮಾತಾಡುವುದು. "ರಾತ್ರಿ ಗೊರಕೆನೂ ಹಿಂಗೇ" ಅಂದಳು ಅಕ್ಕ. ಇಬ್ಬರೂ ನಕ್ಕೆವು.

ಫೋನಿನ ಮೇಲಿನ ಸ್ಟಿಕ್ಕರಿಗೆ ಹಿಟ್ಟು ಕೂತು ಮಾಸಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಆಂಬುಲೆನ್ಸ್, ಬೆಂಕಿ, ಪೊಲೀಸ್ — ನಾಣ್ಯ ಬೇಡ. ಫಳಫಳ ಅನ್ನುತ್ತಿದೆ ಈಗ.

ಜೂನ್ ೧೧

ಗಿರಣಿ ಮೂಲೆಯಿಂದ ಒಂದು ಕಂಪ್ಲೇಂಟ್ ಇಲ್ಲ. "ಅದೇನು ಮಂತ್ರ ಹಾಕ್ದೆ?" ಅಂದರು ಚಿಕ್ಕಪ್ಪ. ಕಾಯಿಲ್ ಕ್ಲೀನ್ ಮಾಡಿದೆ ಅಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು. ಏಣಿಯ ಮುಂದೆಯೇ ಬೆನ್ನು ತಟ್ಟಿದರು. ಅವನ ಮುಖ ನೋಡಬೇಕಿತ್ತು. ಎಂಟನೇ ಕ್ಲಾಸಿನಲ್ಲೇ ಚೀಲ ಬಿಸಾಕಿ ಬಂದವಳಿಗೆ ಇದಕ್ಕಿಂತ ಇನ್ನೇನು ಬೇಕು.

"ನೋಡಿದ್ಯಾ, ಲೈನ್ ಸರಿಯಾಗೇ ಇತ್ತು" ಅಂದ ಏಣಿ. ಹಾಳಾದವನು. ಫೋನ್ ಸರಿಹೋಯಿತಲ್ಲ, ಇನ್ನು ಜಾಯಿಂಟ್ ಹುಡುಕುವುದೇ ಇಲ್ಲ.

ಹೇಳಬೇಕಿತ್ತು. ಹೇಳಿದರೆ ಗೆದ್ದದ್ದು ಹೋಗುತ್ತಿತ್ತು.

ಜೂನ್ ೨೪

 ಅಕ್ಷರ ನನಗೇ ಓದಲಾಗುತ್ತಿಲ್ಲ.

ಗಿರಣಿಯಣ್ಣನ ಕೈ ಬೆಲ್ಟಿಗೆ ಸಿಕ್ಕಿತು. ಬಲಗೈ. ಅಕ್ಕ ಓಡಿಬಂದು ಫೋನ್ ಎತ್ತಿದ್ದಾಳೆ, ನಂಬರ್ ಒತ್ತಿದ್ದಾಳೆ. ಸತ್ತ ಹಾಗೆ. ಮತ್ತೆ ಒತ್ತಿದ್ದಾಳೆ. ಮತ್ತೆ. ಆಮೇಲೆ ಬರಿಗಾಲಲ್ಲಿ ಪೆಟ್ರೋಲ್ ಬಂಕಿನವರೆಗೆ ಓಡಿದ್ದಾಳೆ. ಆಂಬುಲೆನ್ಸ್ ಅಲ್ಲಿಂದ ಬಂದದ್ದು.

ಕೈ ಉಳಿಯಲಿಲ್ಲ. ಸ್ವಲ್ಪ ಮುಂಚೆ ಬಂದಿದ್ದರೆ ನೋಡಬಹುದಿತ್ತು ಅಂದರಂತೆ ಡಾಕ್ಟರ್.

ಹೋಟೆಲಿನವನು ಶೆಡ್ಡಿಗೆ ಟೀ ತಂದವನು ಇಷ್ಟೂ ಹೇಳಿ ಲೋಟ ಇಟ್ಟು ಹೋದ. ಆ ಟೀ ಹಾಗೇ ಕೆನೆಗಟ್ಟಿತು.

ಜೂನ್ ೨೫

ಇನ್ನೊಂದು ಕೆಲಸ ಮಾಡಿದೆ. ಅದನ್ನೂ ಬರೆಯುತ್ತೇನೆ.

ಚಿಕ್ಕಪ್ಪ ಊಟಕ್ಕೆ ಹೋದಾಗ ಗಿರಣಿ ಮೂಲೆಗೆ ಓಡಿದೆ. ಗಿರಣಿಗೆ ಬೀಗ. ಫೋನಿನ ಗುಂಡಿಗಳ ಮೇಲೆ ಹಿಟ್ಟು. ಹಿಟ್ಟಿನಲ್ಲಿ ಕೆಂಪು. ಒರೆಸಲು ಆಗಲಿಲ್ಲ. ಬೋರ್ಡ್ ಬಿಚ್ಚಿ ತಂದೆ, ಹೊಸ ಲಿಂಕ್ ತಂತಿ ಬೆಸೆದೆ, ಮತ್ತೆ ಹೋಗಿ ಹಾಕಿದೆ. ನಾಣ್ಯ ಇಲ್ಲದೆ ಆಂಬುಲೆನ್ಸ್ ನಂಬರ್ ಒತ್ತಿದೆ. ಆ ಕಡೆ ಹೆಂಗಸಿನ ದನಿ, "ಹೇಳಿ, ಎಲ್ಲಿಗೆ ಬೇಕು?" ಎಷ್ಟು ಬೇಗ ಬಂತು ಆ ದನಿ...

ಇಟ್ಟುಬಿಟ್ಟೆ. ಕಳ್ಳಿ.

ಜೂನ್ ೨೮

ಟೆಲಿಫೋನಿನ ದೊಡ್ಡ ಆಫೀಸಿನಿಂದ ಇನ್‌ಸ್ಪೆಕ್ಟರ್ ಬಂದಿದ್ದರು. ಇಸ್ತ್ರಿ ಮುರಿಯದ ಶರ್ಟು. ಫೋನಿನ ಮುಂದೆ ನಾವು ನಾಲ್ವರು — ಅವರು, ಚಿಕ್ಕಪ್ಪ, ಏಣಿ, ನಾನು. ಚಿಕ್ಕಪ್ಪ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಬೆಳಕು ಲಿಂಕ್ ತಂತಿಯ ಮೇಲೆ ನಿಂತಿತು. ಹಳೇ ಬೆಸುಗೆಗಳೆಲ್ಲ ಮಂಕು. ಇವೆರಡು ಮಾತ್ರ ಕನ್ನಡಿ ಹಾಗೆ. ದಪ್ಪ ದಪ್ಪ ಉಂಡೆ. ಸೀಸ ಸುರಿಯಬೇಡ ಅಂತ ಚಿಕ್ಕಪ್ಪ ಬೈಯದ ದಿನ ಇಲ್ಲ. ಆ ಉಂಡೆ ಯಾರದು ಅಂತ ಕಣ್ಣು ಮುಚ್ಚಿ ಹೇಳುತ್ತಾರೆ.

ಟಾರ್ಚ್ ಆರಿಸಿದರು.

"ಬೋರ್ಡ್ ಸರಿಯಾಗಿದೆ ಸಾರ್. ಲೈನ್ ವೀಕು. ಮೀಟರ್ ಇಟ್ಟು ನೋಡಿ."

ಇಟ್ಟರು. ವೀಕೇ. ಏಣಿ ಮುಂದೆ ಬಂದ. "ನಾಲ್ಕು ದಿನದ ಹಿಂದಿನವರೆಗೂ ಕಾಯಿನ್ ಕಾಲ್ ಹೋಗ್ತಿತ್ತಲ್ಲ ಸಾರ್... ಈ ಹುಡುಗೀನ ಕೇಳಿ" ಅಂದ.

ನನ್ನನ್ನೇ ಕೇಳಿದರು. ಚಿಕ್ಕಪ್ಪ ನೆಲ ನೋಡುತ್ತಿದ್ದರು.

"ಗೊತ್ತಿಲ್ಲ" ಅಂದೆ.

ಚಿಕ್ಕಪ್ಪನ ಸ್ಕೂಟರ್ ಮೇಲೆ ವಾಪಸ್ ಬಂದೆವು. ಶೆಡ್ಡಿನ ಬೀಗ ತೆಗೆಯುತ್ತಾ ಅಂದರು, "ಬೆಸುಗೆ ಜಾಸ್ತಿ ಆಯ್ತು. ಯಾವಾಗ್ಲೂ ಹಂಗೇ ನೀನು." ಬೈದಿದ್ದರೆ, ಎರಡು ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಗಿರಾಕಿಗೆ ಹಳೇ ಸ್ಕ್ರೂ ಹಾಕಿ ಹೊಸದು ಅನ್ನದ ಮನುಷ್ಯ. ನನಗಾಗಿ ಸುಳ್ಳು ಹೇಳಿದರು.

ಜುಲೈ ೨

ಏಣಿಯನ್ನು ಸಸ್ಪೆಂಡ್ ಮಾಡಿದ್ದಾರೆ. ನಾಡಿದ್ದು ವಿಚಾರಣೆ, ಆಮೇಲೆ ಕೆಲಸವೇ ಹೋಗಬಹುದು. ಶೆಡ್ಡಿಗೆ ಬಂದಿದ್ದ. ಹೆಗಲ ಮೇಲೆ ಏಣಿ ಇಲ್ಲ. ಏಣಿ ಇಲ್ಲದೆ ಗಿಡ್ಡ ಕಂಡ.

"ನೀನು ಹೇಳಿದ್ದೇ ಸರಿ ಇತ್ತು ಕಣಮ್ಮಾ" ಅಂದ. "ಜಾಯಿಂಟ್ ಕೊಳೆತಿತ್ತು. ನಿನ್ನೆ ಹೋಗಿ ಹುಡುಕ್ದೆ. ನಿನ್ನ ಮಾತು ಅವತ್ತೇ ಕೇಳ್ಬೇಕಿತ್ತು."

ಜಗಳ ಆಡೋ ಮಾರಾಯಾ. ಬಯ್ಯೋ. ಫ್ಯೂಸು ಅನ್ನೋ. ಒಂದೂ ಇಲ್ಲ. "ಅಣ್ಣಾ" ಅಂದೆ, ಅಷ್ಟೇ. ಅರ್ಧಕ್ಕೆ ನಿಂತ ನಾಣ್ಯದ ಹಾಗೆ. ಅವನು ಕಾದ. ಹೋದ.

ಜುಲೈ ೩

ಆಸ್ಪತ್ರೆಗೆ ಹೋಗಿದ್ದೆ. ಗಿರಣಿಯಣ್ಣ ಮಲಗಿದ್ದ. ಬಲತೋಳು ಮೊಣಕೈಯವರೆಗೆ ಬ್ಯಾಂಡೇಜ್, ಅಲ್ಲಿಂದಾಚೆ ಏನೂ ಇಲ್ಲ. ನನ್ನನ್ನು ನೋಡಿ ಮೆಲ್ಲಗೆ ಮಾತಾಡಿಸಿದ. ಆ ಅಣ್ಣ, ಮೆಲ್ಲಗೆ!

ಅಕ್ಕ ಹೊರಗೆ ಕಾರಿಡಾರಿಗೆ ಕರೆದುಕೊಂಡು ಬಂದಳು. ಕೈ ಹಿಡಿದಳು.

"ನಾನೇ ತಪ್ಪು ಒತ್ತಿದ್ನೇನೋ ಕಣೇ. ಗಾಬ್ರಿ ನೋಡು. ನಿದ್ದೇಲೂ ಒತ್ತುತಾನೇ ಇರ್ತೀನಿ. ಇವರ ಕೈ ನಾನೇ ಕಳ್ದೆ ಅನ್ಸುತ್ತೆ."

ಇಷ್ಟು ದಿನ ಅವಳು ಇದನ್ನು ಹೊತ್ತುಕೊಂಡು ತಿರುಗುತ್ತಿದ್ದಾಳೆ. ನನ್ನದನ್ನು.

"ನೀವು ಸರಿಯಾಗೇ ಒತ್ತಿದ್ರಿ ಅಕ್ಕ" ಅಂದೆ. ಹೇಳಿದೆ. ತಂತಿ, ಕಟರ್, ಏಣಿ ಮೇಲಿನ ಹಟ, ಎಲ್ಲಾ. ನಾಣ್ಯ ಹಾಕಿದ್ದರೆ ಹೋಗುತ್ತಿತ್ತು ಅಂತಲೂ ಹೇಳಿದೆ.

ಕೈ ಬಿಟ್ಟಳು. 

"ಗಲ್ಲಾ ತುಂಬ ಚಿಲ್ಲರೆ ಇತ್ತು" ಅಂದಳು. "ಬೇಡ ಅಂತ ಬರ್ದಿತ್ತಲ್ಲೇ ಅದ್ರ ಮೇಲೆ. ನೀನೇ ಉಜ್ಜಿ ಹೋಗಿದ್ದೆಯಲ್ಲೇ."

"ಹೂಂ."

"ಹೋಗು. ನನ್ನ ಕಣ್ಣೆದುರು ನಿಲ್ಬೇಡ."

ಬಂದೆ.

ಜುಲೈ ೪, ಬೆಳಿಗ್ಗೆ

ದೊಡ್ಡ ಆಫೀಸಿನ ವರಾಂಡ. ಬೆಂಚು. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಇಲ್ಲೂ ಬರೆಯುತ್ತಿದ್ದೇನೆ.

ನಿನ್ನೆ ಚಿಕ್ಕಪ್ಪನಿಗೆ ಹೇಳಿದೆ, ನಾಳೆ ಹೋಗಿ ಒಪ್ಪಿಕೊಳ್ಳುತ್ತೇನೆ ಅಂತ. ಫೋನ್ ರಿಪೇರಿ ಕಾಂಟ್ರಾಕ್ಟ್ ಹೋಗುತ್ತದೆ, ಶೆಡ್ ಮುಚ್ಚುತ್ತದೆ, ಅವರ ಸುಳ್ಳೂ ಆಚೆ ಬರುತ್ತದೆ. ಎಲ್ಲಾ ಗೊತ್ತು ಅವರಿಗೆ. "ಊಟ ಮಾಡು ಮೊದ್ಲು" ಅಂದರು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸ್ಕೂಟರ್ ಒರೆಸಿ ನಿಂತಿದ್ದರು.

ಎದುರು ಬೆಂಚಿನಲ್ಲಿ ಏಣಿ ಅಣ್ಣ. ತಲೆ ಬಾಚಿಕೊಂಡು ಬಂದಿದ್ದಾನೆ. ನಾವು ಅವನ ಪರ ಬಂದಿದ್ದೇವೆ ಅಂದುಕೊಂಡಿದ್ದಾನೋ ಏನೋ, ಕೈ ಎತ್ತಿದ. ನಾನು ಎತ್ತಲಿಲ್ಲ.

ಪ್ಯೂನ್ ಬಾಗಿಲು ತೆಗೆದ. ಫೋನ್ ಶೆಡ್ಡಿನವರು ಯಾರು, ಬನ್ನಿ ಅಂತಿದ್ದಾನೆ. ಚಿಕ್ಕಪ್ಪ ಎದ್ದರು, ಅಂಗಿ ಎಳೆದುಕೊಂಡರು. ನೀವು ಕೂತ್ಕೊಳ್ಳಿ ಅಂದೆ. ಕೂರುತ್ತಿಲ್ಲ. ಕೂತ್ಕೊಳ್ಳಿ ಚಿಕ್ಕಪ್ಪ, ನಾನೇ...