ನಲವತ್ತೇಳನೆಯ ಚೌಕ

ಮೇ ೨೮, ಬುಧವಾರ
ಡ್ಯೂಟಿ ಮುಗಿದ ಮೇಲೆ, ಮಧ್ಯಾಹ್ನ

ನನ್ನ ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಫೋನಿನಲ್ಲಿ ನೀನು ಮೂರು ಸಲ "ಬಂತೇನೇ?" ಎಂದು ಕೇಳಿದೆ. ಮೂರು ಸಲವೂ ಇನ್ನೂ ಇಲ್ಲ ಎಂದೆ. ಸುಳ್ಳು. ಬಂದ ದಿನವೇ ಓದಿದ್ದೇನೆ, ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ, ಮಡಿಕೆಗಳು ಹರಿಯುತ್ತ ಬಂದಿವೆ. ಬೈಯುವುದಿದ್ದರೆ ಈಗ ಸ್ವಲ್ಪ ಬೈದುಬಿಡು, ಪೂರ್ತಿ ಬೈಯಬೇಡ. ಮುಂದೆ ಇದಕ್ಕಿಂತ ದೊಡ್ಡದಿದೆ.

ಜೂನ್ ಐದಕ್ಕೆ ಮೆಲಾಷ್ಕಾ ಚಿಕ್ಕಮ್ಮನ ನಲವತ್ತನೆಯ ದಿನ ಎಂದು ಬರೆದಿದ್ದೀಯ. ನನ್ನನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದವಳು, ನಿನ್ನ ಐವತ್ತು ವರ್ಷದ ಗೆಳತಿ, ಅವಳ ತಿಥಿಯ ದಿನವನ್ನು ನನಗೆ ನೀನು ನೆನಪಿಸಬೇಕಾಗಿರಲಿಲ್ಲ. ನಾನೂ ಎಣಿಸುತ್ತಲೇ ಇದ್ದೇನೆ. "ಯೂನಿಫಾರ್ಮಲ್ಲೇ ಬಾ. ನಮ್ಮೂರ ಆಕಾಶ ಕಾಯೋಳು ನನ್ನ ಮಗಳು ಅಂತ ಎಲ್ರಿಗೂ ಹೇಳಿದೀನಿ. ತಿಮಿಶ್ ನಿನ್ನನ್ನ ತನ್ನ ಪಕ್ಕದಲ್ಲೇ ಕೂರಿಸ್ಕೋತಾನಂತೆ, ನೀನು ನಾಲ್ಕು ಮಾತಾಡ್ಬೇಕಂತೆ" ಎಂದು ಬರೆದಿದ್ದೀಯ. ಚಿಕ್ಕಮ್ಮನ ಗಂಡನ ಪಕ್ಕದ ಆ ಕುರ್ಚಿಯಲ್ಲಿ ನಾನು ಕೂರುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಒಂದು ಪ್ರಶ್ನೆ ಕೇಳಿದ್ದೀಯ. "ಇಷ್ಟೊಂದು ಸುತ್ತು ಕಾವಲು ಇಟ್ಕೊಂಡು ಕೂತಿದೀರಲ್ಲ, ಆ ಒಂದು ಮೊಪೆಡ್ ಹೆಂಗೆ ತಪ್ಪಿಸ್ಕೊಂಡು ಬಂತು?"

ಆ ಡ್ರೋನು ತಪ್ಪಿಸಿಕೊಂಡು ಬರಲಿಲ್ಲ ಅಮ್ಮ. ಅದನ್ನು ನಾವೇ ಹೊಡೆದೆವು.

ಇದನ್ನು ಬರೆದು ಎದ್ದು ಹೋಗಿ, ನೀರು ಕುಡಿದು ಬಂದೆ. ಈಗ ಸರಿಯಾಗಿ ಹೇಳುತ್ತೇನೆ.

ಸಂಜೆ ಹೆಬ್ಬಾತುಗಳನ್ನು ಗೂಡಿಗೆ ಅಟ್ಟುವಾಗ ನೀನು ನಮ್ಮನ್ನು ಹೇಗೆ ನಿಲ್ಲಿಸುತ್ತಿದ್ದೆ? ದೂರದಲ್ಲಿ ಅಪ್ಪ, ನಡುವೆ ಮೆಲಾಷ್ಕಾ ಚಿಕ್ಕಮ್ಮ, ಬಾಗಿಲ ಹತ್ತಿರ ಕೋಲು ಹಿಡಿದ ನಾನು. ನಮ್ಮ ಕಾವಲೂ ಹಾಗೆಯೇ. ದೂರಕ್ಕೆ ದೊಡ್ಡ ಕ್ಷಿಪಣಿಗಳಿವೆ. ಅವು ನಮ್ಮಲ್ಲಿ ಕಡಿಮೆ, ಆದ್ದರಿಂದ ಅತಿ ವೇಗದಲ್ಲಿ ಬರುವವಕ್ಕೇ ಮೀಸಲು. ಅಲ್ಲಿ ನುಸುಳಿದ್ದನ್ನು ನಡುವಿನ ಸುತ್ತಿನವರು ನೋಡಿಕೊಳ್ಳುತ್ತಾರೆ. ಕೆಳಗೆ ಗಡಗಡ ಸದ್ದು ಮಾಡುತ್ತ ನಿಧಾನವಾಗಿ ಬರುತ್ತವಲ್ಲ, ನೀವೆಲ್ಲ ಮೊಪೆಡ್ ಅನ್ನುವ ಡ್ರೋನುಗಳು, ಅವು ಕೊನೆಯ ಸುತ್ತಿನ ಪಾಲು. ಗಾಡಿಯ ಮೇಲೆ ಬಂದೂಕು ಕಟ್ಟಿಕೊಂಡು ಹೊಲದ ಬದುವಿನಲ್ಲಿ ಕಾಯುವವರು ಅವರು. ನಾನು ನೆಲದಡಿಯ ಕೋಣೆಯಲ್ಲಿ ಪರದೆಯ ಮುಂದೆ ಕೂತು ಯಾವುದು ಯಾರ ಪಾಲು ಎಂದು ಹಂಚುತ್ತೇನೆ.

ಹೊಡೆದದ್ದು ಆಕಾಶದಲ್ಲೇ ಕರಗಿಹೋಗುವುದಿಲ್ಲ. ಟೀವಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಒಬ್ಬ ಮನುಷ್ಯನ ತೂಕಕ್ಕಿಂತ ಹೆಚ್ಚಿನ ಕಬ್ಬಿಣ, ಅದರ ಹೊಟ್ಟೆಯಲ್ಲಿ ಸಿಡಿಮದ್ದು, ಅದು ಎಲ್ಲಾದರೂ ಬೀಳಲೇಬೇಕು. ಅದಕ್ಕಾಗಿ ಇಡೀ ಜಿಲ್ಲೆಯನ್ನು ನಕ್ಷೆಯಲ್ಲಿ ಚೌಕ ಚೌಕವಾಗಿ ಕತ್ತರಿಸಿದ್ದೇವೆ. ಮನೆ, ಶಾಲೆ, ಆಸ್ಪತ್ರೆ ಇರುವ ಚೌಕ ಕೆಂಪು. ಅದರ ಮೇಲೆ ಹೊಡೆಯುವಂತಿಲ್ಲ. ಹೊಲ, ಜೌಗು, ಕಾಡು ಇದ್ದರೆ ಹಸಿರು. ನಮ್ಮ ಜಿಲ್ಲೆಯ ನಕ್ಷೆಗೆ ಬಣ್ಣ ಹಾಕಿದ್ದು ನಾನೇ. ಭೂದಾಖಲೆ ಕಚೇರಿಯಲ್ಲಿ ಹನ್ನೊಂದು ವರ್ಷ ಸವೆದವಳು, ಯಾರ ಬೇಲಿ ಯಾರ ಹೊಲಕ್ಕೆ ನುಗ್ಗಿದೆ ಎನ್ನುವುದೂ ನನಗೆ ಬಾಯಿಪಾಠ. ನಮ್ಮ ಅಧಿಕಾರಿ ದಾನೀಲೊ "ಉಸ್ತೀನಾ ಇದ್ರೆ ಜಿಪಿಎಸ್ ದಂಡ ಕಣ್ರೀ" ಎಂದು ಎಲ್ಲರೆದುರು ಹೊಗಳಿದ್ದ. ನಲವತ್ತೇಳನೆಯ ಚೌಕ ನಮ್ಮೂರ ಸ್ಮಶಾನದ ಗುಡ್ಡ. ಅಲ್ಲಿರುವವರಿಗೆ ಇನ್ನೇನೂ ಆಗಲಾರದು ಎಂದು ನಗುತ್ತಲೇ ಹಸಿರು ಬಳಿದೆ.

ವರ್ಷದಲ್ಲಿ ಒಂದು ದಿನ ಆ ಗುಡ್ಡಕ್ಕೆ ಇಡೀ ಊರು ಹತ್ತುತ್ತದೆ. ಈಸ್ಟರ್ ಆದ ಮರು ಭಾನುವಾರ, ಹಿರಿಯರ ಹಬ್ಬ. ಅದನ್ನು ನಕ್ಷೆಯಲ್ಲಿ ಎಲ್ಲಿ ಗುರುತು ಮಾಡುವುದು? ಬೇರೆ ಊರಿನವರು ಬಣ್ಣ ಹಾಕಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ನಾನು ನಮ್ಮೂರವಳೇ ಎಂದು ಯಾರೂ ಕೇಳಲಿಲ್ಲ.

ಈ ಸಲ ಆ ಹಬ್ಬದ ಬೆಳಿಗ್ಗೆ ಮೂವತ್ತೊಂದು ಬಂದವು. ವೇಗದವನ್ನು ದೂರದಲ್ಲೇ ಕೆಡವಿದರು. ನಡುವಿನ ಸುತ್ತಿನವರೂ ಚೆನ್ನಾಗಿಯೇ ಹೊಡೆದರು. ಕೊನೆಗೆ ಉಳಿದದ್ದು ಒಂದೇ, ಹೊಳೆಯ ಗುಂಟ ತೀರ ಕೆಳಗೆ ಬರುತ್ತಿತ್ತು. ಕೆರೆಯ ಹತ್ತಿರ ಪ್ರೊಕೀಪನ ಗಾಡಿ ಇತ್ತು. ಪ್ರೊಕೀಪ್ ಮೊದಲು ಜೇನು ಸಾಕುತ್ತಿದ್ದವನು, ಐವತ್ತರ ಹತ್ತಿರದ ಮನುಷ್ಯ, ನನ್ನನ್ನು ತಂಗಿ ಎಂದೇ ಕರೆಯುತ್ತಾನೆ. ಜೌಗಿನ ಮೇಲಿದ್ದಾಗ ಅದು ಅವನ ಬಂದೂಕಿಗೆ ಎಟುಕಲಿಲ್ಲ. ನಲವತ್ತೇಳು ದಾಟಿದರೆ ಪಟ್ಟಣ, ಅಲ್ಲೆಲ್ಲ ಕೆಂಪು. ಮೊದಲ ಕೆಂಪು ಚೌಕದಲ್ಲೇ ಹೆರಿಗೆ ಆಸ್ಪತ್ರೆ. ಆಚೆ ಇನ್ನೊಂದು ಗಾಡಿ ಇರಲಿಲ್ಲ.

"ನಲವತ್ತೇಳರ ಮೇಲಿದೆ, ಹೊಡೀಲಾ ತಂಗಿ? ಬೇಗ ಹೇಳು!" ಎಂದ ಪ್ರೊಕೀಪ್.

"ಹಸಿರು" ಎಂದೆ.

ಹೇಳಿದ್ದು ನಾನೇ ಅಮ್ಮ. ಮೇಲಿನವರಲ್ಲ, ಬೇರೆ ಪಾಳಿಯವರಲ್ಲ. ನೆಲದಡಿಯಲ್ಲಿ ಹಗಲೂ ಇಲ್ಲ, ವಾರವೂ ಇಲ್ಲ, ಅದು ಯಾವ ದಿನ ಎಂಬುದೇ ಮರೆತುಹೋಗಿತ್ತು.

ಪರದೆಯ ಮೇಲೆ ಅದರ ಚುಕ್ಕೆ ಆರಿತು. "ಮೂವತ್ತೊಂದಕ್ಕೆ ಮೂವತ್ತೊಂದು!" ಎಂದು ದಾನೀಲೊ ಚಪ್ಪಾಳೆ ತಟ್ಟಿ ಎಲ್ಲರಿಗೂ ಚಾಕೊಲೇಟು ಹಂಚಿದ. ಅವಶೇಷ ಜನರಿಲ್ಲದ ಜಾಗದಲ್ಲಿ ಬಿದ್ದಿದೆ ಎಂದು ವರದಿ ಬರೆದು ಸಹಿ ಹಾಕಿದೆ. ಚಾಕೊಲೇಟು ಬಾಯಲ್ಲಿರುವಾಗಲೇ ನಿನ್ನ ಫೋನು ಬಂತು. ನೀನು ಮಾತಾಡಲಿಲ್ಲ, ಕಿರುಚುತ್ತಿದ್ದೆ. ನಿನ್ನ ಹಿಂದೆ ತಿಮಿಶ್ ಚಿಕ್ಕಪ್ಪ "ಏಳೇ ಮೆಲಾಷ್ಕಾ, ಏಳೇ" ಎನ್ನುತ್ತಿದ್ದ.

ಶತ್ರುಗಳು ಬೇಕೆಂದೇ ಗೋರಿಗಳ ಮೇಲೆ ಹಾಕಿದರು ಎಂದು ಪತ್ರಿಕೆಯಲ್ಲಿ ಬಂತು. ಕಳಿಸಿದವರು ಅವರೇ, ಅವರ ಪಾಪ ಅವರಿಗೆ. ಅವರ ಪಾಲನ್ನು ನಾನು ಹೊರುವುದಿಲ್ಲ. ಆದರೆ ಅದು ಎಲ್ಲಿ ಬೀಳಬೇಕು ಎಂದು ಹೇಳಿದ ಬಾಯಿ ನನ್ನದು. ಮಣ್ಣಿಗೆ ಬರಲು ರಜೆ ಸಿಗಲಿಲ್ಲ ಎಂದಿದ್ದೆ. ರಜೆ ಕೇಳಲೇ ಇಲ್ಲ.

"ಅದನ್ನ ನಮ್ಮ ಹಿರಿಯರ ಗೋರಿ ಮೇಲೆ ಬೀಳಿಸಿದವರ ಕೈ ಸೇದಿಹೋಗ್ಲಿ" ಎಂದು ನೀನು ಕಾಗದದ ಕೊನೆಗೆ ಬರೆದಿದ್ದೀಯ. ನಗಬೇಡ, ಓದಿದ ದಿನದಿಂದ ನನ್ನ ಬಲಗೈಯ ಎರಡು ಬೆರಳು ಜೋಮು ಹಿಡಿದಿವೆ. ಡಾಕ್ಟರು ಕತ್ತಿನ ನರ ಎಂದರು. ನನಗೆ ಗೊತ್ತಿರುವುದೇ ಬೇರೆ. ಕ್ಯಾಂಟೀನಿನಲ್ಲಿ ಹಸಿರು ಬೋರ್ಶ್ ಸಾರು ಬಡಿಸಿದರೆ ತಟ್ಟೆ ದೂಡಿ ಎದ್ದುಬಿಡುತ್ತೇನೆ. ಪರದೆಯ ಮೇಲೆ ಚುಕ್ಕೆ ಆರಿದರೆ ಕೆಲಸ ಮುಗಿಯಿತು ಎನ್ನುತ್ತದೆ ಯಂತ್ರ. ನನಗೆ ಮಾತ್ರ ಅದು ಇನ್ನೂ ಇಳಿಯುತ್ತಲೇ ಇರುತ್ತದೆ. ಊಟ ಮಾಡುವಾಗ, ಬಟ್ಟೆ ಒಗೆಯುವಾಗ, ಯಾರೋ ನಗುವಾಗ, ತಲೆಯ ಮೇಲೆ ಎಲ್ಲೋ ಇಳಿಯುತ್ತಿರುತ್ತದೆ. ಕೆಲವೊಮ್ಮೆ ಮೆಲಾಷ್ಕಾ ಚಿಕ್ಕಮ್ಮನೇ ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡುತ್ತಿದ್ದಾಳೆ ಅನಿಸುತ್ತದೆ. ಬೈಯುವುದಿಲ್ಲ. ಬೈದರೆ ಎಷ್ಟೋ ಚೆನ್ನಾಗಿತ್ತು.

ಪ್ರೊಕೀಪನಿಗೆ ಏನೂ ಹೇಳಿಲ್ಲ, ನಲವತ್ತೇಳು ಅವನಿಗೆ ಬರೀ ಒಂದು ಅಂಕಿ. ಆ ಡ್ರೋನಿಗಾಗಿ ತನ್ನ ಗಾಡಿಯ ಬಾಗಿಲ ಮೇಲೆ ಒಂದು ಗೆರೆ ಎಳೆದುಕೊಂಡಿದ್ದಾನೆ. "ನಿಮ್ಮೂರನ್ನ ಉಳಿಸ್ದೆ ಕಣೇ ತಂಗಿ, ನಿಮ್ಮಮ್ಮನ ಕೈಲಿ ಒಂದು ಕಡುಬಿನೂಟ ಹಾಕಿಸ್ಬೇಕು ನೀನು" ಎಂದು ಸಿಕ್ಕಾಗಲೆಲ್ಲ ಹಲ್ಲು ಕಿರಿಯುತ್ತಾನೆ. ಅವನ ನಿದ್ದೆಯಾದರೂ ಉಳಿಯಲಿ.

ಈ ಕಾಗದವನ್ನು ತಿಮಿಶ್ ಚಿಕ್ಕಪ್ಪನಿಗೆ ಓದಿ ಹೇಳು. ಪದ ಬದಲಿಸಬೇಡ, ನನ್ನ ಪರವಾಗಿ ಏನೂ ಸೇರಿಸಬೇಡ. ನಿನಗೆ ಆ ಅಭ್ಯಾಸವಿದೆ. ಬಾ ಎಂದರೆ ಬರುತ್ತೇನೆ, ಅವನು ಕೂರಿಸಿದಲ್ಲಿ ಕೂರುತ್ತೇನೆ, ಹೊಸಿಲಾಚೆ ನಿಲ್ಲು ಎಂದರೆ ನಿಲ್ಲುತ್ತೇನೆ. ಬೇಡ ಎಂದರೆ ಬರುವುದಿಲ್ಲ. ಯೂನಿಫಾರ್ಮು ಮಾತ್ರ ಹಾಕಿಕೊಳ್ಳಲಾರೆ. ನಿನ್ನ ಮೊಣಕೈಯ ಗಾಯ ಹೇಗಿದೆ? ಮುಲಾಮು ಹಚ್ಚುತ್ತಿದ್ದೀಯೋ, ಅಥವಾ ಎಂದಿನಂತೆ ಎಲೆಕೋಸಿನ ಎಲೆ ಕಟ್ಟಿಕೊಂಡಿದ್ದೀಯೋ?

ನಿನ್ನ ಕೈಯನ್ನು ಕಣ್ಣಿಗೊತ್ತಿಕೊಳ್ಳುವ,
ನಿನ್ನ ಮಗಳು
ಉಸ್ತೀನಾ

ತಾ. ಕ.: ಯಾವ ದಿನ ಎಂಬುದೇ ಮರೆತುಹೋಗಿತ್ತು ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಲು ಪೆನ್ನು ಎತ್ತಿದೆ. ಬೇಡ, ಇರಲಿ. ತಪ್ಪೊಪ್ಪಿಕೊಳ್ಳುವ ಕಾಗದದಲ್ಲೂ ನಾನು ಸುಳ್ಳು ಬರೆದೆ ಎಂದು ನಿನಗೆ ತಿಳಿಯಲಿ. ಅಂದು ಹತ್ತೂವರೆಗೆ ಮೆಲಾಷ್ಕಾ ಚಿಕ್ಕಮ್ಮ ಫೋನು ಮಾಡಿದ್ದಳು. "ಎಲ್ರೂ ಗುಡ್ಡ ಹತ್ತಿದ್ವಿ ಕಣೇ. ನಿಮ್ಮಮ್ಮ ಆಗ್ಲೇ ನಿಮ್ಮಪ್ಪನ ಗೋರಿ ಹತ್ರ ಊಟಕ್ಕೆ ಬಟ್ಟೆ ಹಾಸ್ತಿದಾಳೆ. ನೀನಂತೂ ಬರಲ್ಲ, ನಿನ್ನ ಪಾಲಿನ ಮೊಟ್ಟೆ ನಾನೇ ತಿಂತೀನಿ, ಆಮೇಲೆ ಅಳ್ಬೇಡ" ಎಂದು ನಕ್ಕಳು. ನಾನೂ ನಕ್ಕೆ. ಅದಾಗಿ ಒಂದು ಗಂಟೆಯೂ ಕಳೆದಿರಲಿಲ್ಲ, ಪ್ರೊಕೀಪ್ ಕೇಳಿದ. ನಾನು ಯಾವುದನ್ನೂ ಮರೆತಿರಲಿಲ್ಲ ಅಮ್ಮ. ಅತ್ತ ಆಸ್ಪತ್ರೆ, ಇತ್ತ ನೀವು. ಗುಡ್ಡದ ಮೇಲೆ ನೀನಿದ್ದೀಯ ಎಂದು ಗೊತ್ತಿದ್ದೇ ಹಸಿರು ಎಂದೆ.