ಹಗ್ಗದ ಇನ್ನೊಂದು ತುದಿ

ಸಕಲ ಜೀವಿಗಳ ಉಸಿರಾಗಿರುವ ಭಗವಂತನನ್ನು ಸ್ಮರಿಸಿ, ಶುಕ್ಲಪಕ್ಷದ ದಶಮಿ, ಗುರುವಾರ ಪ್ರಾತಃಕಾಲ ಬರೆದದ್ದು.

ಓಟದ ತರಬೇತುದಾರರಿಗೆ ವಂದನೆಗಳು.

ಕಣ್ಣು ಕಾಣದ ನನ್ನ ಮಗಳು ತನ್ನ ಮಣಿಕಟ್ಟನ್ನು ನನ್ನ ಮಣಿಕಟ್ಟಿಗೆ ಹಗ್ಗದಿಂದ ಬಿಗಿದುಕೊಂಡು ಮೂರು ವರ್ಷಗಳಿಂದ ಓಡುತ್ತಿರುವುದನ್ನು ತಾವು ಬಲ್ಲಿರಿ. ದಾರಿಯನ್ನು ಮಾತಿನಲ್ಲಿ ತೋರಿಸುವುದು ನನ್ನ ಕೆಲಸ. ನಿನ್ನೆ ಕೆರೆದಂಡೆಯಲ್ಲಿ ಮಂಜು ಕವಿದು, ನೆಲವೂ ನೀರೂ ಒಂದೇ ಬೆಳಕಾಗಿ ತೇಲುತ್ತಿರಲು, ಏದುಸಿರಿನಿಂದ ನನ್ನ ಮಾತು ನಿಂತಿತು.

"ಅಪ್ಪಾ, ನಂಗೂ ಸುಸ್ತಾಯ್ತು. ನಿಧಾನ ಹೋಗೋಣ."

"ಸುಳ್ಳುಬುರುಕಿ! ನಿಂಗೆ ಏದುಸಿರೇ ಇಲ್ವಲ್ಲೇ."

"ನಿಮ್ಮ ಉಸಿರಿನ ಗದ್ದಲದಲ್ಲಿ ನಂದೆಲ್ಲಿ ಕೇಳ್ಬೇಕು?" ಎಂದು ನಕ್ಕಳು.

ನನಗಾಗಿ ಅವಳು ತನ್ನ ಕಾಲುಗಳನ್ನು ಕಟ್ಟಿಹಾಕಿಕೊಂಡಿರುವುದು ಆಗ ತಿಳಿಯಿತು. ಆದಕಾರಣ ಮುಂದಿನ ತಿಂಗಳ ಮ್ಯಾರಥಾನಿನಲ್ಲಿ ಹಗ್ಗವನ್ನು ತಾವೇ ಹಿಡಿಯಬೇಕೆಂದು ಪ್ರಾರ್ಥನೆ. ನಾನು ಕೇಳಿಕೊಂಡೆನೆಂದು ಹೇಳಬೇಡಿ; ಅವಳು ಒಪ್ಪಲಾರಳು. 'ಹುಷಾರು' ಎಂದರೆ ಅವಳಿಗೆ ಸಿಟ್ಟು; 'ಎರಡು ಹೆಜ್ಜೆಗೆ ಉಬ್ಬು' ಎನ್ನಿ. ಆಕಾಶದ ಬಣ್ಣವನ್ನು ಮಾತ್ರ ಅವಳು ಕೇಳದಿದ್ದರೂ ಹೇಳಿ.

ಇಂದು ಹಾಲು ತರಲು ಒಬ್ಬನೇ ಹೋದವನು, "ಎಡಕ್ಕೆ ಕೊಂಬೆ, ತಲೆ ಬಗ್ಗಿಸು" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ.

ಇತಿ,
ಆಕೆಯ ತಂದೆ

ಓಡುವವಳಿಗೂ, ಜೊತೆಗೆ ಓಡುವವರಿಗೂ, ದಾರಿಬದಿಯಲ್ಲಿ ನಿಂತು ಕಾಯುವವರಿಗೂ ಮಂಗಳವಾಗಲಿ.