ತ್ರಿಪಂಚಾಸುರನ ಪಾರ್ಟು

ಆಗಸ್ಟ್ 20, 1989. ಭಾನುವಾರ

ಇವತ್ತೂ ಗಂಟಲು ಕಟ್ಟಿದೆ. ಸಂಜೆ ಪೂರ್ತಿ ಮರ ಕೊಯ್ಯುವ ಸಾಮಿಲ್‌ನ ಮಾಲೀಕ ಮರಿಯಪ್ಪನವರಿಗೆ ಪ್ರಾಂಪ್ಟ್ ಮಾಡಿದ್ದೇ ಮಾಡಿದ್ದು. ಒಂದು ಸಾಲೂ ಅವರ ತಲೆಯಲ್ಲಿ ನಿಲ್ಲುವುದಿಲ್ಲ. ನಾನು ಸೈಡ್‌ವಿಂಗ್‌ನಿಂದ ಪಿಸುಗುಟ್ಟಬೇಕು, ಅವರು ಗರ್ಜಿಸಬೇಕು. ಕೇಳಿಸದಿದ್ದರೆ ಅಸುರನ ದನಿಯಲ್ಲೇ, "ಜೋರಾಗಿ ಹೇಳ್ಲಾ ಲಕ್ಷ್ಮೀಪತಿ, ಬಾಯಲ್ಲಿ ಅವಲಕ್ಕಿ ಇಟ್ಕಂಡಿದೀಯಾ?" ಎಂದು ಬೈಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ವೆಂಕಟಗಿರಿ ಆ ಬೈಗುಳಕ್ಕೂ ಶ್ರುತಿ ಕೊಡುತ್ತಾರೆ.

ಕಾಮಾಕ್ಷಿಪಾಳ್ಯದಲ್ಲಿ ಪ್ರತಿ ರಾಜ್ಯೋತ್ಸವಕ್ಕೂ ಪೌರಾಣಿಕ ನಾಟಕ. ಈ ಸಲ ಕ್ಯಾನ್ಸರ್ ನಾಟಕ. ಮರಿಯಪ್ಪನವರ ತಾಯಿ ಅಕ್ಕಯ್ಯಮ್ಮ ಯುಗಾದಿ ಹೊತ್ತಿಗೆ ಗರ್ಭಕೋಶದ ಗಡ್ಡೆಯಿಂದ ತೀರಿಕೊಂಡರು. ಮಗ ಗುಡಿ ಪಕ್ಕದ ಜಮೀನು ಮಾರಿದ, ತಾಯಿಗೆ ಶಾಪ ತಟ್ಟಿತು ಎಂದು ಊರು ಮಾತಾಡಿತು. "ಶಾಪ ಅಲ್ಲ, ಕಾಯಿಲೆ. ಸ್ಟೇಜ್ ಮೇಲೇ ತೋರಿಸ್ತೀನಿ" ಎಂದು ಅವರು ಹಟ ಹಿಡಿದಿದ್ದಾರೆ.

ಕಥೆ ಕೊಟ್ಟವರು ಅವರ ಮಹಡಿ ಮನೆಯ ಬಾಡಿಗೆದಾರ ಡಾಕ್ಟರ್ ಜಗನ್ನಾಥ. ಸೂಜಿ ಚುಚ್ಚುವ ಡಾಕ್ಟರಲ್ಲ. ಲ್ಯಾಬ್‌ನಲ್ಲಿ ವೈರಸ್ ಸಾಕುವವರು. ಅವರ ಪ್ರಕಾರ ಜೀವಕೋಶ ಒಂದು ಪಟ್ಟಣ. ವೈರಸ್ ಹೊರಗಿನಿಂದ ನುಗ್ಗಿದ ಕಳ್ಳ. ಒಳಗೇ ಒಬ್ಬ ದ್ರೋಹಿ ಇದ್ದಾನೆ, ಪಿ-ಫಿಫ್ಟಿಥ್ರೀ ಎಂಬ ಪ್ರೋಟೀನು. ಗಡ್ಡೆಗಳಲ್ಲಿ ಇವನು ಹೇರಳವಾಗಿ ಸಿಗುತ್ತಾನೆ. ಅದೂ ವೈರಸ್ಸಿನ ಪ್ರೋಟೀನನ್ನು ಅಪ್ಪಿಕೊಂಡು. ಅಂದಮೇಲೆ ಇಬ್ಬರೂ ಪಾರ್ಟ್‌ನರ್ಸ್.

ಐವತ್ತಮೂರಕ್ಕೆ ಸಂಸ್ಕೃತದಲ್ಲಿ ತ್ರಿಪಂಚಾಶತ್ ಅಂತೆ. ಮೇಷ್ಟ್ರು ಅದಕ್ಕೆ ಅಸುರನನ್ನು ಸೇರಿಸಿ 'ತ್ರಿಪಂಚಾಸುರ' ಮಾಡಿದರು. ನಮ್ಮಲ್ಲಿ ಪಾರ್ಟು ಬೇಕಾದವನೇ ದುಡ್ಡು ಕಟ್ಟಬೇಕು. ಹೆಚ್ಚು ಕಟ್ಟಿದವನಿಗೆ ಯಾವಾಗಲೂ ಖಳನ ಪಾರ್ಟು. ಕಿರೀಟ, ಗದೆ, ಮೀಸೆ, ಏಳು ಹಾಡು, ಕೊನೆಗೆ ಒದ್ದಾಡಿ ಸಾಯುವ ಸೀನು... ಒಳ್ಳೆಯವನ ಪಾರ್ಟು ಯಾರಿಗೆ ಬೇಕು?

ಖಳನ ಪಾರ್ಟು ಮರಿಯಪ್ಪನವರ ಪಾಲಾಯಿತು.

ಸೆಪ್ಟೆಂಬರ್ 3

ಕಿಟ್ಟಿಗೆ ವೈರಸ್ ಪಾರ್ಟು. ಸೈಕಲ್ ಶಾಪಿನ ಕಿಟ್ಟಿ, ಕಡ್ಡಿಯಂತಿದ್ದಾನೆ, ಆದರೆ ಹಿಡಿದರೆ ಉಡ. ಇದು ಮೊದಲು ಕೋತಿಗಳಲ್ಲಿ ಸಿಕ್ಕ ವೈರಸ್ ಎಂದು ಜಗನ್ನಾಥರು ಬಾಯಿತಪ್ಪಿ ಹೇಳಿದರು. ಕಿಟ್ಟಿ ಮರುದಿನವೇ ಬಾಲ ಕಟ್ಟಿಕೊಂಡು ಬಂದ. ಪ್ರಾಕ್ಟೀಸ್ ನಡೆಯುವುದು ಆಂಜನೇಯನ ಗುಡಿ ಜಗಲಿಯಲ್ಲಿ. "ಸ್ವಾಮಿ ಎದುರಿಗೇ ಕೋತೀನ ಕಳ್ಳ ಮಾಡ್ತೀರೇನ್ರೋ?" ಎಂದು ಪೂಜಾರಪ್ಪ ಮಂಗಳಾರತಿ ತಟ್ಟೆ ಹಿಡಿದೇ ಅಟ್ಟಿಸಿಕೊಂಡು ಬಂದರು. ಬಾಲ ಕ್ಯಾನ್ಸಲ್.

ಬೇಕರಿ ದೊಡ್ಡಹನುಮಯ್ಯ ಕೋಶರಾಜ. ಗಡ್ಡೆಯಾಗಿ ಬೆಳೆಯುವುದನ್ನು ತೋರಿಸಲು ಅಂಗಿಯೊಳಗೆ ಒಂದೊಂದೇ ದಿಂಬು ತುರುಕಿಕೊಳ್ಳಬೇಕು. ಮೂರು ದಿಂಬು ಸಾಕು ಎಂದರು ಮೇಷ್ಟ್ರು. ನನ್ನನ್ನು ಕೇಳಿದ್ದರೆ ದಿಂಬೇ ಬೇಡ ಎನ್ನುತ್ತಿದ್ದೆ. ಕೇಳದೆಯೂ ಹೇಳಿಬಿಟ್ಟೆ. ದೊಡ್ಡಹನುಮಯ್ಯ ಈಗ ಮಾತು ಬಿಟ್ಟಿದ್ದಾರೆ.

ಅಮ್ಮ ಊದುಬತ್ತಿ ಹೊಸೆಯುತ್ತ ಹೇಳಿದಳು: "ರಾಜ್ಯೋತ್ಸವ ಆಗೋವರೆಗೂ ಬಾಯಿ ಮುಚ್ಕೊಂಡಿರು ಮಗಾ. ಸಾಮಿಲ್‌ನಲ್ಲಿ ಬಿಲ್ ಬರೆಯೋ ಕೆಲಸ ಕೊಡ್ತೀನಿ ಅಂತ ಮರಿಯಪ್ಪನೋರು ಮಾತು ಕೊಟ್ಟವ್ರೆ." ಅವಳ ಭಯಕ್ಕೆ ಕಾರಣವಿದೆ. ಹತ್ತನೇ ಕ್ಲಾಸಿನಲ್ಲಿದ್ದಾಗ ಇನ್‌ಸ್ಪೆಕ್ಟರ್ ಬಂದು "ಮೇಷ್ಟ್ರು ದಿನಾ ಬರ್ತಾರಾ?" ಎಂದರು. "ಮಂಗಳವಾರ ಬರ್ತಾರೆ" ಎಂದೆ. ಆಮೇಲೆ ಸ್ಕೂಲು ಕಷ್ಟವಾಯಿತು, ಬಿಟ್ಟೆ. ನಿಜ ಹೇಳಬೇಕೆಂದರೆ ಲೆಕ್ಕವೂ ಬರುತ್ತಿರಲಿಲ್ಲ. ಆಮೇಲೆ ದಿನಸಿ ಅಂಗಡಿ. ತುಪ್ಪ ಹೇಗಿದೆ ಎಂದು ಗಿರಾಕಿ ಕೇಳಿದರು, ಹೇಳಿದೆ. ಅದೂ ಹೋಯಿತು.

ಸಾಮಿಲ್ ಕೆಲಸ ನನಗೂ ಬೇಕು. ಮರದ ವಾಸನೆ ಇಷ್ಟ. ಬಾಯಿ ಮುಚ್ಚಿಕೊಂಡಿರುತ್ತೇನೆ.

ಸೆಪ್ಟೆಂಬರ್ 24, ಭಾನುವಾರ. ಬೆಳಿಗ್ಗೆ

ಕೆಟ್ಟಿತು.

ಏಳು ಗಂಟೆಗೆ ಜಗನ್ನಾಥರು ಲುಂಗಿಯಲ್ಲೇ ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. ಅಮೆರಿಕದ ವಿಜ್ಞಾನ ಪತ್ರಿಕೆ ಹಡಗಿನಲ್ಲಿ ಬಂದು ನಿನ್ನೆ ಅವರ ಲೈಬ್ರರಿ ಸೇರಿತಂತೆ. ಬೇಸಿಗೆಯಲ್ಲಿ ಅಚ್ಚಾದದ್ದು.

"ತಪ್ಪಾಯ್ತು ಕಣೋ. ಅವನು ಕಳ್ಳ ಅಲ್ಲ."

"ಯಾರು ಸಾರ್?"

"ತ್ರಿಪಂಚಾಸುರ. ಅವನು ಕಾವಲುಗಾರ. ನಾವೆಲ್ಲ ಇಷ್ಟು ವರ್ಷ ಲ್ಯಾಬಲ್ಲಿ ಇಟ್ಕೊಂಡು ನೋಡ್ತಿದ್ದದ್ದು ಕೆಟ್ಟುಹೋದ ಪಿ-ಫಿಫ್ಟಿಥ್ರೀನ. ಸರಿಯಾಗಿರೋದನ್ನ ಹಾಕಿದ್ರೆ ಗಡ್ಡೆ ಬೆಳೆಯೋದೇ ಇಲ್ವಂತೆ."

"ಮತ್ತೆ ವೈರಸ್ ಜೊತೆ ಅಪ್ಪುಗೆ?"

"ಅಪ್ಪುಗೆ ಎಲ್ಲಿ ಬಂತು? ಕಳ್ಳ ಕಾವಲುಗಾರನ ಕೈ ಅಮುಕಿ ಹಿಡ್ಕೊಂಡಿರೋದು ಅದು! ದೂರದಿಂದ ನೋಡಿ ನಾವು ನೆಂಟಸ್ತನ ಅಂದ್ಕೊಂಡ್ವಿ."

ಕೂತು ಕಾಫಿ ಕುಡಿದರು. ಕಪ್ಪೆಮರಿಯ ಬಾಲ ಎಲ್ಲಿ ಹೋಗುತ್ತೆ ಹೇಳು ಎಂದರು. ಬಿದ್ದುಹೋಗುತ್ತೆ ಎಂದೆ. ಬೀಳುವುದಿಲ್ಲವಂತೆ. ಬಾಲದ ಕೋಶಗಳು ಹೊತ್ತು ಬಂದಾಗ ತಾವೇ ಸಾಯುತ್ತವಂತೆ. ನಮ್ಮ ಮೈಯಲ್ಲೂ ಹಾಗೇ. ಸಾಯಬೇಕಾದ ಕೋಶ ಸಾಯದೆ ಕೂತರೆ ಗಡ್ಡೆ. "ಸಾಯಿ ಅಂತ ಅದಕ್ಕೆ ಹೇಳೋನೂ ಈ ಕಾವಲುಗಾರನೇನಾ ಅಂತ ನನಗೆ ಅನುಮಾನ. ಅನುಮಾನ ಅಷ್ಟೆ. ನಾಟಕಕ್ಕೆ ಹಾಕ್ಬೇಡ."

"ಮರಿಯಪ್ಪನೋರಿಗೆ ಹೇಳಿದ್ರಾ?"

ಲೋಟದ ತಳ ನೋಡಿದರು. "ಬಾಡಿಗೆ ಮನೆ ಸಿಗೋದು ಎಷ್ಟು ಕಷ್ಟ ಗೊತ್ತಾ? ನೀನೇ ಹೇಳ್ಬಿಡು."

ಒಲೆಯ ಹತ್ತಿರದಿಂದ ಅಮ್ಮ ಕೈಯಾಡಿಸಿ ಬೇಡ, ಬೇಡ ಎಂದಳು.

ಅದೇ ದಿನ, ಸಂಜೆ

ಹೇಳಿದೆ.

ಮರಿಯಪ್ಪನವರು ಬಾಡಿಗೆ ಮೀಸೆ ಅಂಟಿಸಿ ಅಳತೆ ನೋಡುತ್ತಿದ್ದರು. ಪೂರ್ತಿ ಕೇಳಿದರು. ಮೀಸೆಯ ಒಂದು ಬದಿ ಕಿತ್ತು ಬಂತು.

"ವಾಚ್‌ಮನ್ನಾ? ನನ್ನ ಐದು ಸೈಟಿಗೆ ಐದು ವಾಚ್‌ಮನ್ ಇಟ್ಟಿದೀನಿ ಕಣ್ಲಾ! ನಾನೇ ವಾಚ್‌ಮನ್ ಪಾರ್ಟ್ ಮಾಡ್ಲಾ?"

"ನಿಜ ಹಾಗಿದೆಯಣ್ಣ."

"ವಾಚ್‌ಮನ್ನಿಗೆ ಗದೆ ಇರ್ತದಾ? ಕಿರೀಟ ಇರ್ತದಾ?"

"ಸೀಟಿ ಇರುತ್ತೆ" ಎಂದ ಕಿಟ್ಟಿ. ಯಾರೂ ಅವನನ್ನು ಕೇಳಿರಲಿಲ್ಲ.

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ ರಾಜಿಗೆ ಬಂದರು. "ನೋಡು ಮಗು, ನಾಟಕ ಮುಗಿಯೋವರೆಗೂ ಹಳೇ ವಿಜ್ಞಾನಾನೇ ಇರ್ಲಿ. ಹಾಡೆಲ್ಲ ಕಟ್ಟಿ ಆಗಿದೆ. ಹೊಸದು ಮುಂದಿನ ವರ್ಷ."

ಆಗುವುದಿಲ್ಲ ಎಂದೆ. ಶಾಪ ಎನ್ನುವುದು ಸುಳ್ಳು ಎಂದು ತೋರಿಸಲು ಇನ್ನೊಂದು ಸುಳ್ಳು ಯಾಕೆ ಎಂದೆ. ಇದನ್ನು ಸ್ವಲ್ಪ ಮೆಲ್ಲಗೆ ಹೇಳಬಹುದಿತ್ತು. ಮರಿಯಪ್ಪನವರ ಮುಖ ಕಪ್ಪಾಯಿತು.

"ನಡೀಲಾ ಆಚೆ. ಸಾಮಿಲ್ ಕಡೆ ತಲೆ ಹಾಕ್ಬೇಡ."

ಅಮ್ಮ ಬೈಯಲಿಲ್ಲ. ಅನ್ನ ಬಡಿಸಿ ಮತ್ತೆ ಊದುಬತ್ತಿ ಹೊಸೆಯಲು ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 15

ಬರೆಯಲು ಏನೂ ಇರಲಿಲ್ಲ. ಮಾಗಡಿ ರೋಡಿನಲ್ಲಿ ಸುಂಕದಕಟ್ಟೆಯವರೆಗೂ ನಡೆದು ಕೆಲಸ ಕೇಳಿದೆ. "ಹಿಂದಿನ ಕೆಲಸ ಯಾಕೆ ಬಿಟ್ಟೆ?" ಎಂದು ಎಲ್ಲರೂ ಕೇಳುತ್ತಾರೆ. ಹೇಳುತ್ತೇನೆ. ಕಳಿಸುತ್ತಾರೆ.

ಇವತ್ತು ಮೇಷ್ಟ್ರೇ ಕರೆಯಲು ಬಂದರು. ನನ್ನ ಜಾಗಕ್ಕೆ ಪೂಜಾರಪ್ಪನನ್ನು ನಿಲ್ಲಿಸಿದ್ದರಂತೆ. ಅವರು ಎಲ್ಲವನ್ನೂ ಮಂತ್ರದ ರಾಗದಲ್ಲಿ ಹೇಳಿದರಂತೆ. ಮರಿಯಪ್ಪನವರು ಅದೇ ರಾಗದಲ್ಲಿ ಗರ್ಜಿಸಿದ್ದಕ್ಕೆ ಕೇಳಿದವರು ಕೈ ಮುಗಿದರಂತೆ.

ಹೋದೆ. ಮರಿಯಪ್ಪನವರ ಮುಖಕ್ಕೇ ಹೇಳಿದೆ: "ಎಲ್ಲಾ ಸಾಲೂ ಹೇಳಿಕೊಡ್ತೀನಣ್ಣ. ಒಂದು ಬಿಟ್ಟು. 'ಕಳ್ಳನೇ, ನಾನೇ ನಿನ್ನ ನೆಂಟ, ಈ ಗಡ್ಡೆಯ ಜನಕ' ಅನ್ನೋದು ಮಾತ್ರ ನನ್ನ ಬಾಯಲ್ಲಿ ಬರಲ್ಲ."

"ಹೋಗ್ಲಾ, ಅದೊಂದು ಸಾಲು ನಂಗೆ ಬಾಯಿಪಾಠ" ಎಂದರು. ನಿಜವೇ. ಇಡೀ ನಾಟಕದಲ್ಲಿ ಅವರಿಗೆ ಬರುವುದು ಅದೊಂದೇ ಸಾಲು. ಕೆಲಸದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನವೆಂಬರ್ 6, ಸೋಮವಾರ

ನಿನ್ನೆ, ರಾಜ್ಯೋತ್ಸವದ ವಾರದ ಭಾನುವಾರ, ನಾಟಕ. ಆದದ್ದು ಆದ ಹಾಗೆ ಬರೆಯುತ್ತೇನೆ.

ಬಯಲು ತುಂಬ ಜನ. ಶಾಪ ಎಂದಿದ್ದ ಹೆಂಗಸರೆಲ್ಲ ಮುಂದಿನ ಚಾಪೆಯಲ್ಲೇ ಕೂತಿದ್ದರು. ಮೊದಲ ಮೂರು ಹಾಡು ಸಾಂಗವಾಯಿತು. ಆಮೇಲೆ ಅಪ್ಪುಗೆಯ ಸೀನು. ಕಿಟ್ಟಿ ಹಿಂದಿನಿಂದ ಬಂದು ಮರಿಯಪ್ಪನವರ ಎರಡು ತೋಳನ್ನೂ ಸೇರಿಸಿ ಹಿಡಿದ. ಗದೆ ಬಿತ್ತು. ಈಗ ಆ ಸಾಲು.

ಮರಿಯಪ್ಪನವರು ಬಾಯಿ ತೆರೆದರು. ಏನೂ ಬರಲಿಲ್ಲ.

ಮರೆತಿದ್ದರು! ಅದೊಂದನ್ನೂ!

ವಿಂಗ್ ಕಡೆ ಕಣ್ಣು ಹೊರಳಿಸಿದರು. "ಹೇಳ್ಲಾ."

ತಲೆ ಅಲ್ಲಾಡಿಸಿದೆ.

"ಹೇಳ್ಲಾ, ಮಾನ ಹೋಯ್ತದೆ."

"ಅದು ಸುಳ್ಳಣ್ಣ, ಹೇಳಲ್ಲ ಅಂತ ಮೊದಲೇ ಹೇಳಿದ್ದೆ."

ಮೈಕು ಹತ್ತಿರವಿತ್ತು. ಇಡೀ ಬಯಲಿಗೆ ಕೇಳಿತು. ನಕ್ಕರು. ಯಾರೋ, "ಬಿಡೋ ಕಿಟ್ಟಿ, ಗೌಡ್ರಿಗೆ ಉಸಿರು ಕಟ್ತದೆ" ಎಂದು ಕೂಗಿದರು. "ಡೈಲಾಗ್ ಬರ್ದೆ ಬಿಡಂಗಿಲ್ಲ, ಮೇಷ್ಟ್ರು ಹೇಳವ್ರೆ" ಎಂದ ಕಿಟ್ಟಿ. ಆ ಕಡೆ ದೊಡ್ಡಹನುಮಯ್ಯನವರಿಗೆ ಯಾರೂ ನಿಲ್ಲಿಸು ಎನ್ನಲಿಲ್ಲ. ಅವರು ದಿಂಬು ತುರುಕಿಕೊಳ್ಳುತ್ತಲೇ ಇದ್ದರು. ಮೂರು ಮುಗಿದು, ಸಿಂಹಾಸನದ ಮೇಲಿದ್ದದ್ದೂ ಒಳಗೆ ಹೋಯಿತು. ಗುಂಡಿ ಹಾರಿ ತಬಲಾದವನಿಗೆ ಬಡಿಯಿತು.

"ಲೇ ಹನುಮಯ್ಯ, ಸಾಕು ನಿಲ್ಸೋ!" ಮರಿಯಪ್ಪನವರು ಕೊಸರಾಡಿದರು. "ಇವನು ಬಿಟ್ಟಿದ್ರೆ ನಾನೇ ಬಂದು ತಡೀತಿದ್ದೆ... ಕೈ ಹಿಡ್ಕಂಬಿಟ್ಟವ್ನಲ್ಲ..."

ಅಲ್ಲಿಗೆ ನಿಂತರು. ತೋಳು ನೋಡಿಕೊಂಡರು. ಉಬ್ಬಿದ ದೊಡ್ಡಹನುಮಯ್ಯನವರನ್ನು ನೋಡಿದರು. ಆಮೇಲೆ ಬಂದ ದನಿ ಅಸುರನದಲ್ಲ. ಸಾಮಿಲ್‌ನಲ್ಲೂ ನಾನು ಕೇಳಿರದ ದನಿ.

"ಹಿಂಗೇ ಆಯ್ತೇನವ್ವಾ ನಿಂಗೆ? ಒಳಗೆ ಕಾಯೋನು ಇದ್ದ... ಅವನ ಕೈಯ ಹಿಡ್ಕಂಬಿಟ್ಟಿದ್ರಾ?"

ನಗು ನಿಂತಿತು. ಮುಂದಿನ ಚಾಪೆಯ ಯಶೋದಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಶಾಪ ಅಲ್ಲ ಕಣ್ರವ್ವ" ಎಂದರು ಮರಿಯಪ್ಪನವರು, ನೇರ ಅವರನ್ನೇ ನೋಡಿ. ಕಿಟ್ಟಿ ತಾನಾಗಿ ಕೈ ಬಿಟ್ಟ. ದೊಡ್ಡಹನುಮಯ್ಯ ದಿಂಬುಗಳನ್ನು ಒಂದೊಂದಾಗಿ ತೆಗೆದಿಟ್ಟು, ಯಾರೂ ಹೇಳದೆ, ಮೆತ್ತಗೆ ಮಲಗಿ ಕಣ್ಣು ಮುಚ್ಚಿದರು. ಕಪ್ಪೆಮರಿಯ ಬಾಲದ ಹಾಗೆ.

ನಾಟಕ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮರಿಯಪ್ಪನವರು ಸಾಯುವ ಸೀನಿಗೂ ದುಡ್ಡು ಕಟ್ಟಿದ್ದರು. ಕಿರೀಟ ಹಿಡಿದುಕೊಂಡು ಸ್ಟೇಜಿನ ಉದ್ದಗಲ ಒದ್ದಾಡಿ ಸತ್ತರು. ಕಾವಲುಗಾರ ಯಾಕೆ ಸತ್ತ ಎಂದು ಯಾರೂ ಕೇಳಲಿಲ್ಲ. ಒನ್ಸ್ ಮೋರ್ ಬಂತು. ಎದ್ದು ಇನ್ನೊಂದು ಸಲ ಸತ್ತರು.

ಅಕ್ಕಯ್ಯಮ್ಮನವರಿಗೆ ಹೀಗೇ ಆಗಿತ್ತೇ ಎಂದು ಜಗನ್ನಾಥರನ್ನು ಕೇಳಿದೆ. "ಆ ಗಡ್ಡೆಗಳಲ್ಲೂ ಒಂದು ವೈರಸ್ ಸಿಕ್ಕಿದೆ. ಅದೂ ಇದೇ ಆಟ ಆಡುತ್ತಾ, ಗೊತ್ತಿಲ್ಲ. ಇನ್ನೂ ಯಾರಿಗೂ ಗೊತ್ತಿಲ್ಲಪ್ಪ." ಕನ್ನಡಕ ಒರೆಸಿಕೊಂಡರು. "ಶಾಪ ಅಲ್ಲ, ಅದಂತೂ ಗೊತ್ತು."

ನವೆಂಬರ್ 7. ಈಗ

ಮರಿಯಪ್ಪನವರು ಬಂದಿದ್ದಾರೆ. ಹಜಾರದ ಚಾಪೆಯ ಮೇಲೆ ಊದುಬತ್ತಿ ಮೊರ ಸರಿಸಿ ಕೂತಿದ್ದಾರೆ. ಮೀಸೆಯ ಗೋಂದು ಇನ್ನೂ ಹೋಗಿಲ್ಲ. ಸಾಮಿಲ್‌ನ ಬಿಲ್ ಪುಸ್ತಕ ತಂದು ಪಕ್ಕದಲ್ಲಿಟ್ಟುಕೊಂಡಿದ್ದಾರೆ. ಕೊಡಲಿಲ್ಲ. ಸುಮ್ಮನೆ ಇಟ್ಟುಕೊಂಡಿದ್ದಾರೆ.

"ಊರೆಲ್ಲ ಚೆನ್ನಾಗಿತ್ತು ಅಂತಾವ್ರೆ. ನಂಬಲ್ಲ ನಾನು. ನೀನು ಹೇಳ್ಲಾ. ನನ್ನ ಪಾರ್ಟು ಹೆಂಗಿತ್ತು?"

ಅಮ್ಮ ಅವರ ಬೆನ್ನ ಹಿಂದೆ ನಿಂತು ನನಗೆ ಎರಡೂ ಕೈ ಮುಗಿದಳು. ನೀರು ತರುತ್ತೇನಣ್ಣ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ನಾನು ಸಾಲು ಹೇಳಿಕೊಟ್ಟಷ್ಟು ಹೊತ್ತೂ ಕೆಟ್ಟದಾಗಿತ್ತು. ಬಹಳ ಕೆಟ್ಟದಾಗಿತ್ತು. ಸಾಲು ಮರೆತ ಮೇಲೆ ತಾವಾಗಿ ಆಡಿದ ಆ ಎರಡು ಮಾತಿಗೆ ನನಗೆ ಕಣ್ಣು ತುಂಬಿತ್ತು. ಎರಡೂ ನಿಜ. ಎರಡನ್ನೂ ಹೇಳದೆ ಬಿಡುವ ಹಾಗಿಲ್ಲ. ಆದರೆ ಯಾವುದನ್ನು ಮೊದಲು...

ಕರೆಯುತ್ತಿದ್ದಾರೆ. ಚೊಂಬು ತುಂಬಿ ಚೆಲ್ಲುತ್ತಿದೆ. ಹೋಗಿ ಮೊದಲು—